ವೈಜ್ಞಾನಿಕ ಅನಿಮೇಷನ್ ಚಿತ್ರಗಳಲ್ಲಿ ದುರ್ಲೋಕದ ಕಲ್ಪನೆ ಮತ್ತು ಮನುಷ್ಯಸ್ವಭಾವ

ಈ ಸಂಪುಟಕ್ಕೆ ಲೇಖನವೊಂದನ್ನು ಕೊಡಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದಾಗ, ಹರಿಹರನ ರಗಳೆಗಳನ್ನೋ ರಾಘವಾಂಕನ ಷಟ್ಪದಿಯನ್ನೋ ಕುರಿತು ನಾಲ್ಕು ಮಾತು ಬರೆದಾನೆಂದು ಅವರು ಎಣಿಸಿದ್ದರೆ ಅದು ಸಹಜವೇ ಸರಿ. ಹಳಗನ್ನಡವನ್ನೂ ಅಲಂಕಾರಶಾಸ್ತ್ರವನ್ನೂ ಪಾಠ ಹೇಳಿಕೊಂಡು ತಲೆ ನರೆತವನಿಂದ ಬೇರೇನನ್ನು ನಿರೀಕ್ಷಿಸಲಾದೀತು? ಆದರೆ ಹಳೆಯ ವಿದ್ಯಾರ್ಥಿಗಳೂ ದಾನಿಗಳೂ ಕೂಡಿ ಶಾಲೆಗೆ ಒಂದು ಪ್ರೊಜೆಕ್ಟರನ್ನೂ ದೊಡ್ಡ ತೆರೆಯನ್ನೂ ಒದಗಿಸಿಕೊಟ್ಟ ಮೇಲೆ ಉಪಾಧ್ಯಾಯರ ಕೊಠಡಿಯಲ್ಲಿ ಚರ್ಚೆಯೊಂದು ಹುಟ್ಟಿಕೊಂಡಿತು. ಪಾಠಕ್ಕೆ ಸಂಬಂಧಿಸಿದ ಚಿತ್ರಗಳನ್ನು ತೋರಿಸುವುದರಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಿಲ್ಲ. ಮಕ್ಕಳು ಮನೆಯಲ್ಲಿ ಮೊಬೈಲ್ ಫೋನಿನ ಅಂಗೈಯಗಲದ ಗಾಜಿನ ಮೇಲೆ ನೋಡುತ್ತಿರುವ ಆ 'ಕಾರ್ಟೂನು'ಗಳನ್ನು, ಅದರಲ್ಲಿಯೂ ಯಂತ್ರಮಾನವರು, ಹಾಳುಬಿದ್ದ ನಗರಗಳು, ವಿಷದ ಗಾಳಿ ತುಂಬಿದ ಕಥೆಗಳನ್ನು, ಶಾಲೆಯೇ ಕರೆದು ತೋರಿಸುವುದು ಉಚಿತವೇ ಎಂಬುದೇ ಪ್ರಶ್ನೆ. ಔಚಿತ್ಯದ ವಿಚಾರವೆಂದರೆ ಕ್ಷೇಮೇಂದ್ರನ ಕಾಲದಿಂದಲೂ ಆಲಂಕಾರಿಕರ ಸ್ವತ್ತು. ಆದುದರಿಂದ ಪಂಡಿತನಾದವನು ಈ ವಿಷಯಕ್ಕೆ ಕೈಯಿಕ್ಕುವುದು ಅಧಿಕಪ್ರಸಂಗವೆನಿಸಲಾರದು ಎಂದು ಭಾವಿಸಿದ್ದೇನೆ.

ಮಕ್ಕಳ ಕಥೆಯೆಂದ ಮಾತ್ರಕ್ಕೆ ಅದು ಹಗುರವಾಗಿರಬೇಕೆಂಬ ನಿಯಮವಿಲ್ಲ. ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು ಆಂಗ್ಲಕವಿ ಬ್ರೌನಿಂಗನ ಕೃತಿಯನ್ನು ಅನುಸರಿಸಿ ಬರೆದ 'ಬೊಮ್ಮನಹಳ್ಳಿಯ ಕಿಂದರಿಜೋಗಿ'ಯನ್ನು ಬಾಯಿಪಾಠ ಮಾಡದ ಮಗು ಈ ಭಾಗದಲ್ಲಿ ವಿರಳ. ಇಲಿಗಳ ಕಾಟ ತಪ್ಪುವ ತನಕ ಮಾತು ಕೊಟ್ಟು, ಕಾಟ ತಪ್ಪಿದೊಡನೆ ಮಾತಿಗೆ ತಪ್ಪಿದ ಊರು ತನ್ನ ಮಕ್ಕಳನ್ನೇ ಕಳೆದುಕೊಳ್ಳುತ್ತದೆ. ಇದಕ್ಕಿಂತ ಕಠೋರವಾದ ಕಥೆ ಯಾವುದಿದ್ದೀತು? ಆದರೂ ನಾವು ಅದನ್ನು ಮೂರು ತಲೆಮಾರುಗಳಿಂದ ಮಕ್ಕಳಿಗೆ ಹೇಳಿಕೊಡುತ್ತಿದ್ದೇವೆ, ವೇಷ ಕಟ್ಟಿ ಆಡಿಸುತ್ತಿದ್ದೇವೆ. ಮಕ್ಕಳು ನಡುಗಿ ಹಾಸಿಗೆ ಹಿಡಿದ ವಾರ್ತೆಯೇನೂ ಇಲ್ಲ.

ಪಾಶ್ಚಾತ್ಯರಲ್ಲಿ ಆದರ್ಶರಾಜ್ಯದ ಕಲ್ಪನೆಗೆ 'ಯುಟೋಪಿಯ' ಎಂಬ ಹೆಸರಿದೆ. 1516ರಲ್ಲಿ ಥಾಮಸ್ ಮೋರ್ ಎಂಬ ಆಂಗ್ಲ ವಿದ್ವಾಂಸನು ತನ್ನ ಗ್ರಂಥಕ್ಕೆ ಗ್ರೀಕ್ ಧಾತುಗಳಿಂದ ಕಟ್ಟಿಕೊಂಡ ಪದವಿದು. 'ಎಲ್ಲಿಯೂ ಇಲ್ಲದ ಊರು' ಎಂಬುದು ಅದರ ಅರ್ಥ. ಇದಕ್ಕೆ ಪ್ರತಿಯಾದ 'ಡಿಸ್ಟೋಪಿಯ' ಎಂಬ ಭಾವವನ್ನು 1868ರಲ್ಲಿ ಜಾನ್ ಸ್ಟೂವರ್ಟ್ ಮಿಲ್ ಬ್ರಿಟಿಷ್ ಪಾರ್ಲಿಮೆಂಟಿನಲ್ಲಿ ಎದುರುಪಕ್ಷದವರನ್ನು ಹಳಿಯಲು ಬಳಸಿದನು. ಕನ್ನಡದಲ್ಲಿ ಇದನ್ನು 'ದುರ್ಲೋಕ' ಎಂದು ಕರೆಯೋಣ. ಮುಂದೆ ಬರಬಹುದಾದ ಕೆಟ್ಟ ಕಾಲವನ್ನು ಈಗಲೇ ಕಟ್ಟಿ ತೋರಿಸುವುದು ದುರ್ಲೋಕಸಾಹಿತ್ಯದ ಲಕ್ಷಣ. ನಮ್ಮವರಿಗೆ ಇದು ಹೊಸದಲ್ಲವೆಂದು ಯಾರಾದರೂ ಹೇಳಬಹುದು. ಮಹಾಭಾರತದ ವನಪರ್ವದಲ್ಲಿ ಮಾರ್ಕಂಡೇಯ ಮುನಿಯು ಧರ್ಮರಾಯನಿಗೆ ಕಲಿಯುಗದ ಲಕ್ಷಣಗಳನ್ನು ವಿಸ್ತಾರವಾಗಿ ಹೇಳುತ್ತಾನಷ್ಟೆ. ಹೋಲಿಕೆ ನಿಜ, ಆದರೆ ಭೇದವೂ ಅಷ್ಟೇ ನಿಜ. ಕಲಿಯುಗ ಕಾಲಚಕ್ರ ತಿರುಗಿದಾಗ ಬರುವಂಥದು; ಬಾರದಿರೆಂದರೆ ನಿಲ್ಲುವುದಿಲ್ಲ, ಹೋಗೆಂದರೆ ಹೋಗುವುದಿಲ್ಲ. ದುರ್ಲೋಕವಾದರೋ ಕರ್ತೃವಾಚ್ಯದಲ್ಲಿಯೇ ಹೇಳಬೇಕಾದುದು: ಇಂಥವರು ಇಂಥದನ್ನು ಮಾಡಿದುದರಿಂದ ಹೀಗಾಯಿತು. ಮಾಡಿದವನು ಯಾರು, ಏಕೆ ಮಾಡಿದನು ಎಂದು ಕೇಳಹೊರಟರೆ ಮನುಷ್ಯಸ್ವಭಾವದ ವಿಚಾರ ತಾನಾಗಿ ಬರುತ್ತದೆ.

ಇನ್ನು ಅನಿಮೇಷನ್ ಎಂಬ ಪದದ ಮೂಲವನ್ನು ನೋಡಬೇಕು. ಲ್ಯಾಟಿನ್ ಭಾಷೆಯ 'ಅನಿಮ' ಎಂದರೆ ಉಸಿರು, ಪ್ರಾಣ. ಪ್ರಾಣವಿಲ್ಲದುದಕ್ಕೆ ಪ್ರಾಣವನ್ನು ತುಂಬುವುದೇ ಅನಿಮೇಷನ್. ನಮ್ಮ ಪರಿಭಾಷೆಯಲ್ಲಿ ಪ್ರಾಣಪ್ರತಿಷ್ಠೆ ಎಂದರೂ ತಪ್ಪಾಗದು. ಸಿನಿಮಾದಲ್ಲಿ ಒಂದು ಸೆಕೆಂಡಿಗೆ 24 ನಿಶ್ಚಲ ಚಿತ್ರಗಳು ನಮ್ಮ ಕಣ್ಣ ಮುಂದೆ ಹಾಯುತ್ತವೆ. ಎರಡು ಗಂಟೆಯ ಚಿತ್ರವೆಂದರೆ 1,72,800 ಚಿತ್ರಗಳಾದವು. ಸಾಮಾನ್ಯ ಚಲನಚಿತ್ರದಲ್ಲಿ ಇದನ್ನು ಕ್ಯಾಮೆರಾ ಮಾಡುತ್ತದೆ: ಎದುರಿಗೆ ಏನಿದೆಯೋ ಅದನ್ನೆಲ್ಲ ಬಾಚಿಕೊಳ್ಳುತ್ತದೆ, ಬೇಡವಾದದ್ದನ್ನೂ ಸಹ. ಅನಿಮೇಷನ್ ಚಿತ್ರದಲ್ಲಿ ಹಾಗಲ್ಲ. ಒಂದು ಎಲೆ ಅಲುಗಬೇಕಾದರೂ ಯಾರೋ ಒಬ್ಬರು ಅದನ್ನು ಬರೆದಿರಬೇಕು, ಇಲ್ಲವೇ ಕಂಪ್ಯೂಟರಿನಲ್ಲಿ ರೂಪಿಸಿರಬೇಕು. ಕಲಾವಿದನ ಇಚ್ಛೆಯಿಲ್ಲದೆ ಅಲ್ಲಿ ಒಂದು ಧೂಳಿನ ಕಣವೂ ಇಲ್ಲ. ಹಾಳಾದ ಲೋಕವನ್ನು ಚಿತ್ರಿಸಲು ಈ ಮಾಧ್ಯಮ ವಿಶೇಷವಾಗಿ ಒದಗಿಬರುವುದು ಈ ಕಾರಣದಿಂದಲೇ ಇರಬೇಕು. ಆ ಲೋಕವೂ ಮನುಷ್ಯನ ಕೈಯಿಂದಾದುದು, ಈ ಚಿತ್ರವೂ ಮನುಷ್ಯನ ಕೈಯಿಂದಾದುದು. ತೊಗಲುಗೊಂಬೆಯಾಟವನ್ನು ದೀಪದ ಬೆಳಕಿನಲ್ಲಿ ಕಂಡವರಿಗೆ ಇದರ ಮರ್ಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ತೊಗಲಿನ ಮುಖದಲ್ಲಿ ಭಾವವಿಲ್ಲ. ಆದರೂ ಸೀತೆ ಅಳುವಾಗ ಅಳು ಬರುತ್ತದೆ.

'ರೋಬೋಟ್' ಎಂಬ ಪದವೂ ಹೀಗೆಯೇ ಅರ್ಥಗರ್ಭಿತವಾದುದು. ಜೆಕ್ ನಾಟಕಕಾರ ಕಾರೆಲ್ ಚಾಪೆಕ್ 1920ರಲ್ಲಿ ಬರೆದ ನಾಟಕದಿಂದ ಅದು ಲೋಕಕ್ಕೆಲ್ಲ ಹಬ್ಬಿತು. ಅವರ ಭಾಷೆಯಲ್ಲಿ 'ರೊಬೊತ' ಎಂದರೆ ಬಿಟ್ಟಿ ಚಾಕರಿ. ಯಂತ್ರಮಾನವನೆಂಬ ಕಲ್ಪನೆಯ ಹೊಟ್ಟೆಯಲ್ಲಿಯೇ 'ನನ್ನ ಕೆಲಸವನ್ನು ಇನ್ನೊಬ್ಬರು ಕೂಲಿಯಿಲ್ಲದೆ ಮಾಡಲಿ' ಎಂಬ ಆಸೆ ಕುಳಿತಿದೆ ಎಂದಾಯಿತು.

ಈ ಆಸೆಯ ವಿಚಾರದಲ್ಲಿ ನಮ್ಮ ಕಥಾಸಾಹಿತ್ಯದ ಸಾಕ್ಷ್ಯವೊಂದಿದೆ. ಹನ್ನೊಂದನೆಯ ಶತಮಾನದಲ್ಲಿ ಕಾಶ್ಮೀರದ ಸೋಮದೇವನು ರಚಿಸಿದ 'ಕಥಾಸರಿತ್ಸಾಗರ'ದಲ್ಲಿ ನರವಾಹನದತ್ತನೆಂಬ ರಾಜಕುಮಾರನು ಒಂದು ಅಪೂರ್ವ ನಗರಕ್ಕೆ ಬರುತ್ತಾನೆ. ಬೀದಿಯಲ್ಲಿ ವರ್ತಕರಿದ್ದಾರೆ, ಸ್ತ್ರೀಯರಿದ್ದಾರೆ, ಪುರಜನರು ಓಡಾಡುತ್ತಿದ್ದಾರೆ; ಆದರೆ ಎಲ್ಲರೂ ಮರದ ಬೊಂಬೆಗಳು. ಮಾತಿಲ್ಲದ್ದರಿಂದ ಮಾತ್ರ ಅವರು ನಿರ್ಜೀವರೆಂದು ತಿಳಿಯುತ್ತದೆ. ಅರಮನೆಯಲ್ಲಿ ರಾಜ್ಯಧರನೆಂಬ ಶಿಲ್ಪಿ ಒಬ್ಬನೇ ಇದ್ದಾನೆ. ಇಡೀ ಊರಿನಲ್ಲಿ ಜೀವವುಳ್ಳವನು ಅವನೊಬ್ಬನೇ. ಅವನು ಅಲ್ಲಿಗೆ ಬಂದ ಬಗೆ ಹೇಗೆ? ಕಂಚಿಯಲ್ಲಿ ಅವನ ಸೋದರ ಪ್ರಾಣಧರನು ವೇಶ್ಯಾವ್ಯಸನಕ್ಕೆ ಬಿದ್ದು, ಹಣ ಸಾಲದೆ ಹೋದಾಗ, ಯಂತ್ರದ ಹಂಸಗಳನ್ನು ಮಾಡಿ ಹಗ್ಗದಿಂದ ಒಳಗಿಳಿಸಿ ರಾಜಭಂಡಾರದ ಒಡವೆಗಳನ್ನು ಕದಿಸುತ್ತಿದ್ದನು. ಗುಟ್ಟು ಹೊರಬಿದ್ದಾಗ ಇಬ್ಬರೂ ಆಕಾಶಯಂತ್ರಗಳನ್ನೇರಿ ಪಲಾಯನ ಮಾಡಿದರು. ರಾಜ್ಯಧರನು ಹಾಳೂರೊಂದನ್ನು ಕಂಡು ಅಲ್ಲಿಳಿದು, ಒಂಟಿತನವನ್ನು ತಾಳಲಾರದೆ ಮರದ ಪ್ರಜೆಗಳನ್ನು ಕೆತ್ತಿಕೊಂಡನು. ಹಂಸಗಳಿಗೆ ಒಡವೆ ಬೇಕಾಗಿರಲಿಲ್ಲ, ಬೇಕಾಗಿದ್ದುದು ಪ್ರಾಣಧರನಿಗೆ ಎಂಬಲ್ಲಿ ಈ ಕಥೆಯ ಕೀಲಿದೆ. ಸಾವಿರ ವರ್ಷಗಳ ಹಿಂದೆ ಸೋಮದೇವನು ಇಟ್ಟ ಈ ಕೀಲನ್ನೇ ಇಂದಿನ ಉತ್ತಮ ಅನಿಮೇಷನ್ ಚಿತ್ರಗಳೂ ತಿರುಗಿಸುತ್ತವೆ. ಯಂತ್ರ ಕೆಟ್ಟದ್ದೆಂದು ಹೇಳುವ ಚಿತ್ರಗಳು ಬಹಳ ಇವೆ, ಅವು ಕಳಪೆಯವು. ಯಂತ್ರವನ್ನು ಮಾಡಿಸಿದ ಆಸೆ ಯಾವುದು ಎಂದು ಕೇಳುವವು ಕೆಲವೇ.

ಅಂಥವುಗಳಲ್ಲೊಂದು 2008ರಲ್ಲಿ ಅಮೆರಿಕದ ಪಿಕ್ಸಾರ್ ಸಂಸ್ಥೆ ತಯಾರಿಸಿ ಆಂಡ್ರೂ ಸ್ಟಾಂಟನ್ ನಿರ್ದೇಶಿಸಿದ 'ವಾಲ್-ಇ'. ಭೂಮಿಯೆಲ್ಲ ಕಸದ ರಾಶಿಯಾಗಿದೆ. 'ಬೈ ಎನ್ ಲಾರ್ಜ್' ಎಂಬ ಏಕೈಕ ವ್ಯಾಪಾರಸಂಸ್ಥೆ ಜಗತ್ತನ್ನು ಆಳಿ, ಮಾರಿ, ಮಾರಿದುದೆಲ್ಲ ಕಸವಾಗಿ, ಕೊನೆಗೆ ಮನುಷ್ಯರನ್ನು ಐದು ವರ್ಷಗಳ ಮಟ್ಟಿಗೆಂದು ಆಕಾಶನೌಕೆಗಳಲ್ಲಿ ಕಳಿಸಿದೆ. ಐದು ಏಳುನೂರಾಗಿದೆ. ಕಸವನ್ನು ಅದುಮಿ ಇಟ್ಟಿಗೆ ಮಾಡಿ ಪೇರಿಸುವ ಸಣ್ಣ ಯಂತ್ರವೊಂದು ಮಾತ್ರ ತನ್ನ ಕಾಯಕವನ್ನು ಬಿಡದೆ ಉಳಿದಿದೆ. ಜೊತೆಗಿರುವುದು ಒಂದು ಜಿರಳೆ. ಈ ಯಂತ್ರ ಕಸದಲ್ಲಿ ತನಗೆ ಸೊಗಸೆನಿಸಿದ್ದನ್ನು ಆಯ್ದು ಮನೆಗೆ ತರುತ್ತದೆ. ಒಮ್ಮೆ ವಜ್ರದ ಉಂಗುರವಿದ್ದ ಡಬ್ಬಿ ಸಿಕ್ಕಿದಾಗ, ಉಂಗುರವನ್ನು ಎಸೆದು, ಮುಚ್ಚಿ ತೆಗೆಯಲು ಬರುವ ಡಬ್ಬಿಯನ್ನು ಇಟ್ಟುಕೊಳ್ಳುತ್ತದೆ. ನಗು ಬರುವ ಪ್ರಸಂಗ. ಆದರೆ ಏಳುನೂರು ವರ್ಷಗಳ ಹಿಂದೆ ಆ ಉಂಗುರಕ್ಕಾಗಿ ಏನೇನು ನಡೆದಿದ್ದೀತೋ ಎಂದು ಒಂದು ಕ್ಷಣ ಯೋಚಿಸಿದರೆ ನಗು ಅಲ್ಲಿಯೇ ನಿಲ್ಲುತ್ತದೆ.

ಚಿತ್ರದ ಮೊದಲ ಭಾಗದಲ್ಲಿ ಹೆಚ್ಚುಕಡಿಮೆ ಮಾತೇ ಇಲ್ಲ. ಸೋಮದೇವನ ನಗರದಲ್ಲಿ ಮಾತಿಲ್ಲದುದು ನಿರ್ಜೀವತೆಯ ಗುರುತಾಗಿತ್ತು. ಇಲ್ಲಿ ಅದು ತಿರುಗುಮುರುಗಾಗಿದೆ. ಮಾತಿಲ್ಲದ ಯಂತ್ರಕ್ಕೆ ಹೃದಯವಿದೆ. ನೌಕೆಯಲ್ಲಿ ತೇಲುವ ಕುರ್ಚಿಗಳ ಮೇಲೆ ಒರಗಿ, ಕಣ್ಣ ಮುಂದಿನ ಗಾಜಿನಲ್ಲಿ ಎಡೆಬಿಡದೆ ಮಾತಾಡುತ್ತಿರುವ ಸ್ಥೂಲಕಾಯದ ಮನುಷ್ಯರಲ್ಲಿ ಅದನ್ನು ಹುಡುಕಬೇಕಾಗಿದೆ. ಅವರು ದುಷ್ಟರಲ್ಲ. ಯಾರನ್ನೂ ಹಿಂಸಿಸಿದವರಲ್ಲ. ಸುಖವಾಗಿದ್ದಾರೆ, ಅಷ್ಟೆ. ಪಕ್ಕದ ಕುರ್ಚಿಯವರೊಡನೆಯೂ ಗಾಜಿನ ಮೂಲಕವೇ ಸಂಭಾಷಣೆ. ಆಕಸ್ಮಿಕವಾಗಿ ಗಾಜು ಆರಿದಾಗ ಒಬ್ಬಳು ಸ್ತ್ರೀಗೆ ನೌಕೆಯಲ್ಲಿ ಈಜುಕೊಳವಿರುವುದು ಮೊದಲ ಬಾರಿಗೆ ಕಾಣುತ್ತದೆ. ಕುಂಭಕರ್ಣನ ನಿದ್ರೆಗೆ ಶಾಪವಾದರೂ ಒಂದು ಕಾರಣವಿತ್ತು, ಇವರದು ಸ್ವಯಾರ್ಜಿತ.

ಈ ಚಿತ್ರದ ಖಳನೆಂದರೆ ನೌಕೆಯನ್ನು ನಡೆಸುವ ಸ್ವಯಂಚಾಲಕ ಯಂತ್ರ. ಭೂಮಿಗೆ ಮರಳಲು ಅದು ಬಿಡುವುದಿಲ್ಲ. ಆದರೆ ಅದಕ್ಕೆ ದ್ವೇಷವಿಲ್ಲ. 'ಹಿಂದಿರುಗಬೇಡ' ಎಂದು ಏಳು ಶತಮಾನಗಳ ಹಿಂದೆ ಒಬ್ಬ ಅಧಿಕಾರಿ ಕೊಟ್ಟ ಆಜ್ಞೆಯನ್ನು ಅದು ಪಾಲಿಸುತ್ತಿದೆ. ಆಜ್ಞೆ ಕೊಟ್ಟವನು ಸತ್ತ, ಆಜ್ಞೆಯ ಕಾರಣ ಅಳಿಯಿತು, ಆಜ್ಞೆ ಉಳಿಯಿತು. ಕಚೇರಿಗಳಲ್ಲಿ ಅರ್ಜಿ ಹಿಡಿದು ನಿಂತವರಿಗೆ ಇದು ಅಪರಿಚಿತವಲ್ಲ. ನೌಕೆಯ ನಾಯಕನು ಕಡೆಗೆ 'ಭೂಮಿ' ಎಂದರೇನು, 'ಸಮುದ್ರ' ಎಂದರೇನು, 'ಕುಣಿತ' ಎಂದರೇನು ಎಂದು ನಿಘಂಟು ನೋಡುವ ಹುಡುಗನಂತೆ ಯಂತ್ರವನ್ನು ಕೇಳುತ್ತಾ ಕೇಳುತ್ತಾ, ತನ್ನ ಕಾಲ ಮೇಲೆ ಎದ್ದು ನಿಲ್ಲುತ್ತಾನೆ. ಎದ್ದು ನಿಲ್ಲುವುದೇ ಅಲ್ಲಿ ವೀರಕರ್ಮ. ಚಿತ್ರದ ಮುಕ್ತಾಯ ಮಾತ್ರ ನನಗೆ ರುಚಿಸಲಿಲ್ಲ. ಒಂದು ಸಸಿ ಬದುಕಿತೆಂದು ಎಲ್ಲರೂ ಇಳಿದುಬಂದು ಬೇಸಾಯ ಹೂಡುತ್ತಾರೆ. ಕಸವನ್ನು ಯಾರು ಎಲ್ಲಿಗೆ ಸಾಗಿಸಿದರೆಂದು ಚಿತ್ರ ಹೇಳುವುದಿಲ್ಲ. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಹೊತ್ತ ಮಂಡೂರಿನ ಗ್ರಾಮಸ್ಥರು ಲಾರಿಗಳಿಗೆ ಅಡ್ಡ ನಿಂತು ಹೋರಾಡಿ, 2014ರ ಕೊನೆಯಲ್ಲಿ ಅದನ್ನು ನಿಲ್ಲಿಸಿದರು. ಆಗ ಕಸ ಮಾಯವಾಗಲಿಲ್ಲ, ಬೇರೆ ಊರುಗಳ ದಾರಿ ಹಿಡಿಯಿತು. ಮಕ್ಕಳಿಗೆ ಈ ಚಿತ್ರವನ್ನು ತೋರಿಸುವ ಉಪಾಧ್ಯಾಯರು ಈ ಒಂದು ಮಾತನ್ನು ಸೇರಿಸಿ ಹೇಳಬೇಕು.

ಉಪಾಧ್ಯಾಯವೃತ್ತಿಯವರು ನೋಡಲೇಬೇಕಾದ ಇನ್ನೊಂದು ಚಿತ್ರ 1973ರ 'ಫೆಂಟಾಸ್ಟಿಕ್ ಪ್ಲಾನೆಟ್'. ಫ್ರಾನ್ಸಿನ ರೆನೆ ಲಾಲೂ ಇದನ್ನು ಜೆಕೋಸ್ಲೊವಾಕಿಯದ ಕಲಾವಿದರ ಸಹಕಾರದಿಂದ ನಿರ್ಮಿಸಿದನು. ಆ ವರ್ಷ ಕಾನ್ ಚಿತ್ರೋತ್ಸವದಲ್ಲಿ ವಿಶೇಷ ಬಹುಮಾನ ಪಡೆಯಿತು. ನೀಲಿ ಮೈಯ ದೈತ್ಯರ ಲೋಕದಲ್ಲಿ ಮನುಷ್ಯರು ಸಾಕುಪ್ರಾಣಿಗಳು. ನಾವು ಬೆಕ್ಕಿನ ಮರಿಯನ್ನು ಕಟ್ಟಿ ಆಡಿಸುವಂತೆ ದೈತ್ಯಬಾಲಿಕೆಯೊಬ್ಬಳು ತಾಯಿ ಸತ್ತ ಮನುಷ್ಯಶಿಶುವನ್ನು ಸಾಕಿಕೊಳ್ಳುತ್ತಾಳೆ. ಅವಳಿಗೆ ಪಾಠವೆಲ್ಲ ತಲೆಗೆ ತೊಡುವ ಉಪಕರಣವೊಂದರಿಂದ ಬರುತ್ತದೆ. ಅವಳು ಪಾಠ ಕೇಳುವಾಗ ಕೈಯಲ್ಲಿರುವ ಮನುಷ್ಯಶಿಶುವಿಗೂ ಅದು ಕೇಳಿಸಿಬಿಡುತ್ತದೆ. ಯಾರೂ ಕಲಿಸಬೇಕೆಂದು ಕಲಿಸಿದ್ದಲ್ಲ. ಬೆಳೆದ ಹುಡುಗನು ಆ ಉಪಕರಣವನ್ನೇ ಹೊತ್ತುಕೊಂಡು ಓಡಿಹೋಗಿ ಕಾಡಿನ ಮನುಷ್ಯರಿಗೆ ಅಕ್ಷರ ಕಲಿಸುತ್ತಾನೆ. ಏಕಲವ್ಯನಿಗೆ ಹೆಬ್ಬೆರಳಾದರೂ ಹೋಯಿತು, ಇವನು ಗುರುವಿನ ಪುಸ್ತಕವನ್ನೇ ಕದ್ದೊಯ್ದ. ಈ ಚಿತ್ರದ ಕ್ರೌರ್ಯವೆಲ್ಲ ಪ್ರೀತಿಯ ವೇಷದಲ್ಲಿದೆ. ದೈತ್ಯರು ಕ್ರೂರಿಗಳೆಂದು ತಮ್ಮನ್ನು ತಾವು ಭಾವಿಸಿಕೊಂಡೇ ಇಲ್ಲ. ಚಿತ್ರದ ಕೆಲವು ದೃಶ್ಯಗಳು ಎಳೆಯರಿಗೆ ತಕ್ಕವಲ್ಲವೆಂಬುದನ್ನು ತಿಳಿಸಿಬಿಡುತ್ತೇನೆ, ಇದು ಉಪಾಧ್ಯಾಯರಿಗೆ.

ಜಪಾನಿನ ಕತ್ಸುಹಿರೊ ಒತೊಮೊ 1988ರಲ್ಲಿ ನಿರ್ದೇಶಿಸಿದ 'ಅಕಿರ' ಚಿತ್ರವೂ ಎಳೆಯರಿಗಲ್ಲ. ಯುದ್ಧದಿಂದ ಬೂದಿಯಾಗಿ ಮತ್ತೆ ಕಟ್ಟಿದ ಟೋಕಿಯೋ ನಗರದಲ್ಲಿ, ಎಲ್ಲರಿಂದಲೂ ತಿರಸ್ಕೃತನಾದ ಒಬ್ಬ ಅನಾಥ ಹುಡುಗನಿಗೆ ಅಪಾರವಾದ ಮನಶ್ಶಕ್ತಿ ಬರುತ್ತದೆ. ಕೊನೆಗೆ ಅವನ ದೇಹವೇ ಅವನ ಮಾತು ಕೇಳದೆ ಬೆಳೆಯುತ್ತಾ ಹೋಗುತ್ತದೆ. ಭಸ್ಮಾಸುರನ ಕಥೆಯನ್ನು ಬಲ್ಲವರಿಗೆ ತಿರುಳು ಹೊಸದಲ್ಲ. ಭಸ್ಮಾಸುರನ ಮೇಲೆ ನಮಗೆ ಮರುಕ ಹುಟ್ಟುವುದಿಲ್ಲ, ಈ ಹುಡುಗನ ಮೇಲೆ ಹುಟ್ಟುತ್ತದೆ ಎಂಬುದಷ್ಟೇ ವಿಶೇಷ. 1995ರ 'ಘೋಸ್ಟ್ ಇನ್ ದ ಶೆಲ್' ಇನ್ನೂ ಸೂಕ್ಷ್ಮವಾದುದು. ಅದನ್ನು ನಿರ್ದೇಶಿಸಿದವನು ಮಮೊರು ಒಶಿಯಿ. ದೇಹದ ಅಂಗಾಂಗಗಳನ್ನೆಲ್ಲ ಯಂತ್ರದಿಂದ ಬದಲಿಸಿದ ಮೇಲೆ 'ನಾನು' ಎಂಬುದು ಎಲ್ಲಿದೆ ಎಂಬ ಪ್ರಶ್ನೆ ಅಲ್ಲಿಯದು. ವೇದಾಂತಿಗಳಿಗೆ ಸುಗ್ರಾಸ. ಅದರಲ್ಲಿ ಕಸ ಸಾಗಿಸುವ ಕೂಲಿಯವನೊಬ್ಬನು ತನ್ನ ಹೆಂಡತಿ ಮಗಳನ್ನು ನೆನೆದು ಕೊರಗುತ್ತಾನೆ. ಅವನಿಗೆ ಹೆಂಡತಿಯೂ ಇಲ್ಲ, ಮಗಳೂ ಇಲ್ಲ. ಯಾರೋ ಅವನ ತಲೆಗೆ ಸುಳ್ಳು ನೆನಪುಗಳನ್ನು ತುಂಬಿದ್ದಾರೆ. ಮಗಳ ಭಾವಚಿತ್ರವೆಂದು ಅವನು ತೋರಿಸಿದುದರಲ್ಲಿ ಮಗಳಿಲ್ಲ. ಆ ದೃಶ್ಯದ ಕರುಣರಸ ಮರೆಯತಕ್ಕುದಲ್ಲ.

ಈಗ ನಮ್ಮ ಮಲೆನಾಡಿಗೆ ಅತ್ಯಂತ ಹತ್ತಿರವಾದ ಚಿತ್ರಕ್ಕೆ ಬರುತ್ತೇನೆ. ಹಯಾವೊ ಮಿಯಝಾಕಿ 1984ರಲ್ಲಿ ನಿರ್ದೇಶಿಸಿದ 'ಗಾಳಿಕಣಿವೆಯ ನಾಸಿಕಾ' ಎಂಬುದೇ ಅದು. ನಾಸಿಕಾ ಎಂಬ ಹೆಸರು ಗ್ರೀಕ್ ಕವಿ ಹೋಮರನ ಕಾವ್ಯದ ರಾಜಕುಮಾರಿಯಿಂದ ಬಂದುದು, ನಮ್ಮ ಮೂಗಿಗೂ ಅದಕ್ಕೂ ಸಂಬಂಧವಿಲ್ಲ! 'ಏಳು ದಿನಗಳ ಬೆಂಕಿ' ಎಂಬ ಮಹಾಯುದ್ಧ ನಡೆದು ಸಾವಿರ ವರ್ಷ ಕಳೆದಿದೆ. ಭೂಮಿಯ ಮೇಲೆ ವಿಷದ ಅಣಬೆಗಳ ಮಹಾರಣ್ಯ ಹಬ್ಬುತ್ತಿದೆ. ಮುಖಕ್ಕೆ ಮುಸುಕಿಲ್ಲದೆ ಅದರೊಳಗೆ ಹೋದವರು ಸಾಯುತ್ತಾರೆ. ದೈತ್ಯಗಾತ್ರದ ಕೀಟಗಳು ಆ ಕಾಡನ್ನು ಕಾಯುತ್ತಿವೆ. ಸಮುದ್ರದ ಗಾಳಿ ಬೀಸುವುದರಿಂದ ವಿಷ ತಾಗದೆ ಉಳಿದ ಒಂದು ಸಣ್ಣ ಕಣಿವೆಯ ರಾಜಕುಮಾರಿ ನಾಸಿಕಾ. ದೊಡ್ಡ ರಾಜ್ಯಗಳಿಗೆ ಒಂದೇ ಹಟ: ಹಳೆಯ ಯುದ್ಧದ ಅಸ್ತ್ರವನ್ನೆಬ್ಬಿಸಿ ಕಾಡನ್ನು ಸುಟ್ಟುಬಿಡಬೇಕು. ನಾಸಿಕಾ ಮಾತ್ರ ಗುಟ್ಟಾಗಿ ನೆಲಮಾಳಿಗೆಯಲ್ಲಿ ಆ ವಿಷದ ಗಿಡಗಳನ್ನೇ ಆಳದ ಬಾವಿಯ ಶುದ್ಧ ನೀರೆರೆದು ಬೆಳೆಸಿ ನೋಡುತ್ತಾಳೆ. ಅವು ವಿಷ ಕಾರುವುದಿಲ್ಲ. ವಿಷವಿರುವುದು ಗಿಡದಲ್ಲಲ್ಲ, ಮನುಷ್ಯರು ಕೆಡಿಸಿದ ಮಣ್ಣಿನಲ್ಲಿ. ಕಾಡು ಆ ವಿಷವನ್ನು ಹೀರಿ ಹೀರಿ ನೆಲವನ್ನು ತೊಳೆಯುತ್ತಿದೆ. ಜಪಾನಿನ ಮಿನಮಾತ ಕೊಲ್ಲಿಗೆ ಕಾರ್ಖಾನೆಯಿಂದ ಪಾದರಸ ಹರಿದು ಜನ ಅಂಗವಿಕಲರಾಗಿ ಸತ್ತ ದುರಂತ ಈ ಕಥೆಯ ಹಿನ್ನೆಲೆಯಲ್ಲಿದೆಯೆಂದು ಹೇಳುವುದುಂಟು. ಆ ರೋಗ ಬೆಳಕಿಗೆ ಬಂದುದು 1956ರಲ್ಲಿ.

ಮರುವರ್ಷವೇ, 1957ರಲ್ಲಿ, ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಉದುರಿ ಸತ್ತವು, ಜನ ಜ್ವರದಿಂದ ಸತ್ತರು. ಇಂದಿಗೂ ಕೊಪ್ಪ, ಶೃಂಗೇರಿ, ನರಸಿಂಹರಾಜಪುರಗಳ ಮನೆಗಳಲ್ಲಿ ಬೇಸಗೆ ಬಂತೆಂದರೆ ಮಂಗನ ಕಾಯಿಲೆಯ ಮಾತು ಏಳುತ್ತದೆ; ಕಾಡಿಗೆ ಸೊಪ್ಪುದರಗಿಗೆ ಹೋಗುವವರು ಮೈಗೆ ಎಣ್ಣೆ ಬಳಿದುಕೊಳ್ಳಬೇಕಾಗಿದೆ. ರೋಗವನ್ನು ಹರಡುವುದು ಉಣುಗು. ಕಾಡನ್ನು ಕಡಿದು ಸಾಗುವಳಿ ಮಾಡಿ, ಅದರ ಅಂಚಿನಲ್ಲಿ ದನಕರು ಮೇಯಿಸತೊಡಗಿದ ಮೇಲೆ ಉಣುಗು ಹೆಚ್ಚಿ ಮನುಷ್ಯರ ತನಕ ಬಂದಿತೆಂಬುದು ಅದನ್ನು ಅಧ್ಯಯನ ಮಾಡಿದವರ ವಿವರಣೆ. ಮನೆಯಲ್ಲೊಂದು ಸಾವಾದಾಗ 'ಈ ಕಾಡೇ ಬೇಡ' ಎನಿಸುವುದು ಮನುಷ್ಯಸಹಜ. ನಾಸಿಕಾಳ ಚಿತ್ರದಲ್ಲಿ ಕಾಡನ್ನು ಸುಡಹೊರಟ ರಾಣಿಯೂ ಕೀಟಗಳಿಂದ ಅಂಗಗಳನ್ನು ಕಳೆದುಕೊಂಡವಳೇ. ಅವಳ ಕೋಪಕ್ಕೆ ಕಾರಣವಿದೆ ಎಂಬುದನ್ನು ಮಿಯಝಾಕಿ ಮುಚ್ಚಿಡುವುದಿಲ್ಲ. ಅವಳನ್ನು ರಾಕ್ಷಸಿಯನ್ನಾಗಿಯೂ ಮಾಡುವುದಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ನಮ್ಮ ಜಿಲ್ಲೆಯ ಕುದುರೆಮುಖವನ್ನು ನೋಡಬಹುದು. ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಶೃಂಗೇರಿಯ ಕಡೆಗೂ ಭದ್ರೆ ಕಳಸ ಬಾಳೆಹೊನ್ನೂರುಗಳ ಕಡೆಗೂ ಹರಿದು ನಮ್ಮ ಮೂರು ತಾಲ್ಲೂಕುಗಳಿಗೆ ನೀರುಣಿಸುತ್ತವೆ. ಆ ಮಲೆಯ ತಲೆಯಲ್ಲಿ ಕಬ್ಬಿಣದ ಅದಿರು ತೆಗೆಯಲು 1976ರಲ್ಲಿ ಕಂಪನಿ ಸ್ಥಾಪನೆಯಾಯಿತು. ಇರಾನ್ ದೇಶದ ಹಣದ ಭರವಸೆಯಿಂದ ತೊಡಗಿದ ಕೆಲಸ. 1979ರ ಕ್ರಾಂತಿಯ ತರುವಾಯ ಆ ದೇಶ ಹಿಂದೆ ಸರಿದರೂ ಗಣಿ ನಿಲ್ಲಲಿಲ್ಲ. ಅದಿರನ್ನು ನೀರಿನಲ್ಲಿ ಕಲಸಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟದ ಕೆಳಗೆ ಮಂಗಳೂರಿಗೆ ಹರಿಸಿದರು. ಉಳಿದ ಕೆಸರನ್ನು ಲಕ್ಯಾ ಅಣೆಕಟ್ಟಿನ ಹಿಂದೆ ತುಂಬಿದರು. ಮಳೆಗಾಲದಲ್ಲಿ ಭದ್ರೆ ಕೆಂಪಾಗಿ ಹರಿದಳು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟು, 2005ರ ಡಿಸೆಂಬರ್ 31ಕ್ಕೆ ಗಣಿಗಾರಿಕೆ ನಿಂತಿತು. ಶಾಲೆ, ಆಸ್ಪತ್ರೆ, ಮನೆಗಳಿಂದ ತುಂಬಿದ್ದ ಗಣಿಯೂರಿನಿಂದ ಜನ ಬಹುಮಟ್ಟಿಗೆ ಹೊರಟುಹೋದರು. ಬೀಗ ಹಾಕಿದ ಮನೆಗಳ ಮೇಲೆ ಹಸುರು ಹತ್ತಿತು. ದುರ್ಲೋಕದ ಚಿತ್ರವನ್ನು ನೋಡಲು ನಾವು ಟೋಕಿಯೋಗೆ ಹೋಗಬೇಕಾಗಿಲ್ಲ. ಆದರೆ ನ್ಯಾಯವಾಗಿ ಇದನ್ನೂ ಹೇಳಬೇಕು: ಆ ಗಣಿ ಅನ್ನ ಕೊಟ್ಟ ಮನೆಗಳು ಎಷ್ಟೋ ಇದ್ದವು, ಗಣಿ ನಿಂತ ದಿನ ಅತ್ತವರೂ ಇದ್ದರು. ಅವರನ್ನು ಲೋಭಿಗಳೆಂದು ಕರೆದರೆ ಅದು ಅಜ್ಞಾನ. ಅದಿರು ಬೇಕೆಂದವರು ಯಾರು, ಅದು ಯಾವ ವಸ್ತುವಾಗಿ ಯಾರ ಮನೆ ಸೇರಿತು ಎಂಬ ಲೆಕ್ಕ ಹಿಡಿದರೆ ನಾವೆಲ್ಲರೂ ಅದರಲ್ಲಿ ಪಾಲುದಾರರಾಗುತ್ತೇವೆ.

ನಾಸಿಕಾಳ ಚಿತ್ರದ ರಸವಿಚಾರದಲ್ಲಿ ಒಂದು ಮಾತು. ಕೊನೆಯಲ್ಲಿ ಶತ್ರುಗಳು ಕೀಟದ ಮರಿಯೊಂದನ್ನು ಚುಚ್ಚಿ ನೋಯಿಸಿ, ಅದನ್ನು ತೋರಿಸಿ, ಕೆರಳಿದ ಕೀಟಗಳ ಹಿಂಡನ್ನು ಕಣಿವೆಯ ಮೇಲೆ ತಿರುಗಿಸುತ್ತಾರೆ. ನಾಸಿಕಾ ಆ ಮರಿಯನ್ನು ಬಿಡಿಸಿಕೊಂಡು ಬಂದು ಹಿಂಡಿನ ಮುಂದೆ ನಿರಾಯುಧಳಾಗಿ ನಿಲ್ಲುತ್ತಾಳೆ. ತುಳಿತಕ್ಕೆ ಸಿಕ್ಕಿ ಸಾಯುತ್ತಾಳೆ. ಆ ಕೀಟಗಳೇ ತಮ್ಮ ಹೊಂಬಣ್ಣದ ಎಳೆಗಳಿಂದ ಎತ್ತಿ ಬದುಕಿಸುತ್ತವೆ. ಶ್ರೀಹರ್ಷನ 'ನಾಗಾನಂದ'ವನ್ನು ಓದಿದವರು ಇಲ್ಲಿ ಜೀಮೂತವಾಹನನನ್ನು ಕಾಣದಿರಲಾರರು. ಅವನು ನಾಗನೊಬ್ಬನ ಬದಲಿಗೆ ತನ್ನನ್ನೇ ಗರುಡನಿಗೆ ಒಪ್ಪಿಸಿದನು. ಅವನೂ ಮರಳಿ ಬದುಕಿದನು. ಅಲ್ಲಿ ಶಾಂತರಸವೋ ವೀರರಸವೋ ಎಂಬ ವಾದದಲ್ಲಿ 'ದಶರೂಪಕ'ದ ವ್ಯಾಖ್ಯಾನಕಾರ ಧನಿಕನು ದಯಾವೀರವೆಂದು ತೀರ್ಮಾನಿಸಿದ್ದಾನೆ. ನಾಸಿಕಾಳ ಚಿತ್ರಕ್ಕೂ ಅದೇ ಸಲ್ಲುತ್ತದೆ. ದುರ್ಲೋಕದ ಕಥೆಗಳು ಭಯಾನಕರಸಪ್ರಧಾನವೆಂದು ಭಾವಿಸಿ ಮಕ್ಕಳಿಂದ ದೂರವಿಡಬೇಕೆನ್ನುವವರಿಗೆ ನನ್ನ ಉತ್ತರವಿದು: ಕಳಪೆ ಚಿತ್ರದಲ್ಲಿ ಭಯವೇ ಸ್ಥಾಯಿ, ಒಳ್ಳೆಯದರಲ್ಲಿ ಅದು ಸಂಚಾರಿ.

ಇಂಥ ಚಿತ್ರಗಳನ್ನು ಮಾಡುವ ವಿದ್ಯೆ ನಮ್ಮ ನಾಡಿನಲ್ಲಿಯೂ ಬೆಳೆದಿದೆ. ಈ ಉದ್ಯಮಕ್ಕಾಗಿಯೇ 2012ರಲ್ಲಿ ಪ್ರತ್ಯೇಕ ನೀತಿಯನ್ನು ರೂಪಿಸಿದುದು ಕರ್ನಾಟಕ. ಮಲೆನಾಡಿನ ಹುಡುಗ ಹುಡುಗಿಯರೂ ಚಿತ್ರ ಬರೆಯುವ ಕೈಯನ್ನು ನಂಬಿ ಬೆಂಗಳೂರಿಗೆ ಹೋಗುತ್ತಾರೆ. 2025ರ ಆರಂಭದಲ್ಲಿ ಮೂಲಸಂಸ್ಥೆಯ ಆರ್ಥಿಕ ಕುಸಿತದಿಂದ ಟೆಕ್ನಿಕಲರ್ ಸಂಸ್ಥೆಯ ಬೆಂಗಳೂರು ಶಾಖೆ ಮುಚ್ಚಿದಾಗ, ಪರದೇಶದ ದೊಡ್ಡ ಚಿತ್ರಗಳಿಗೆ ಪ್ರಾಣ ತುಂಬಿದ್ದ ಅನೇಕರು ಇದ್ದಕ್ಕಿದ್ದಂತೆ ಉದ್ಯೋಗ ಕಳೆದುಕೊಂಡರು. ಅದೇ ವರ್ಷ 'ಲವ್ ಯೂ' ಎಂಬ ಕನ್ನಡ ಚಿತ್ರವನ್ನು ನಟರಿಲ್ಲದೆ, ಕ್ಯಾಮೆರಾ ಇಲ್ಲದೆ, ಕೃತಕ ಬುದ್ಧಿಮತ್ತೆಯ ಸಾಧನಗಳಿಂದಲೇ ಅಲ್ಪ ವೆಚ್ಚದಲ್ಲಿ ತಯಾರಿಸಲಾಯಿತು. ಒಂದೊಂದು ಎಲೆಯನ್ನೂ ಯಾರೋ ಒಬ್ಬರು ಬರೆದಿರಬೇಕೆಂದು ಮೇಲೆ ಹೇಳಿದೆನಷ್ಟೆ. ಆ ಮಾತು ಇನ್ನೆಷ್ಟು ಕಾಲ ಸಲ್ಲುವುದೋ ಎಂಬ ಶಂಕೆ ನನಗಿದೆ. ಯಂತ್ರವನ್ನು ದೂರಿ ಪ್ರಯೋಜನವಿಲ್ಲವೆಂದು ಸೋಮದೇವನ ಸಾಕ್ಷಿಯಿಂದ ಹೇಳಿದವನು ಇಲ್ಲಿ ಮಾತು ಬದಲಿಸಲಾರೆ. ಹಂಸವನ್ನು ಭಂಡಾರಕ್ಕೆ ಇಳಿಸಿದ ಹಗ್ಗ ಯಾರ ಕೈಯಲ್ಲಿದೆ ಎಂಬುದನ್ನು ಮಾತ್ರ ನೋಡುತ್ತಿರಬೇಕು. ಭಂಡಿಗಡಿಯ ಸುತ್ತಿನಿಂದ ಈ ವಿದ್ಯೆಗೆ ಹೊರಟ ಮಗುವಿನ ತಂದೆತಾಯಿಗಳು ಸಲಹೆ ಕೇಳಿದರೆ, ಚಿತ್ರ ಬರೆಯುವುದರ ಜೊತೆಗೆ ಕಥೆ ಹೇಳುವುದನ್ನೂ ಕಲಿಯಲಿ ಎನ್ನುತ್ತೇನೆ.

ಚರ್ಚೆಯ ಮೂಲಪ್ರಶ್ನೆಗೆ ನನ್ನ ಅಭಿಪ್ರಾಯ ಇಷ್ಟು. ಐದನೆಯ ತರಗತಿಯಿಂದ ಮೇಲಿನವರಿಗೆ 'ವಾಲ್-ಇ' ತೋರಿಸಬಹುದು. ಮಾತು ಕಡಮೆಯಾದುದರಿಂದ ಇಂಗ್ಲಿಷಿನ ಅಡ್ಡಿಯೂ ಕಡಮೆ. ಎಂಟನೆಯ ತರಗತಿಯಿಂದ ನಾಸಿಕಾ, ಅದೂ ಉಪಾಧ್ಯಾಯರು ಜೊತೆಗೆ ಕುಳಿತು, ನಡುನಡುವೆ ನಿಲ್ಲಿಸಿ ಕನ್ನಡದಲ್ಲಿ ಅರ್ಥ ಹೇಳುತ್ತ. ಅಂಗೈಯ ಗಾಜಿನಲ್ಲಿ ಒಬ್ಬೊಬ್ಬರೇ ನೋಡುವುದಕ್ಕೂ ಒಂದು ತೆರೆಯ ಮುಂದೆ ಎಪ್ಪತ್ತು ಮಕ್ಕಳು ಕೂಡಿ ನೋಡುವುದಕ್ಕೂ ಅಂತರವಿದೆ. ದಾನಿಗಳು ಕೊಟ್ಟುದು ಬರಿಯ ಯಂತ್ರವಲ್ಲ, ಆ ಕೂಡಿ ಕೂರುವ ಅವಕಾಶ. ಮುಗಿದ ಮೇಲೆ ನೀತಿ ಹೇಳುವ ಅವಸರ ಬೇಡ. ಕಾಡನ್ನು ಸುಡಬೇಕೆಂದ ರಾಣಿಯ ಪಕ್ಷವನ್ನು ಒಬ್ಬರು, ನಾಸಿಕಾಳ ಪಕ್ಷವನ್ನು ಒಬ್ಬರು ಹಿಡಿದು ವಾದಿಸಲಿ.

ಹಿರಿಯ ವಿದ್ಯಾರ್ಥಿಗಳಿಗೆ ಇನ್ನೊಂದನ್ನು ತಿಳಿಸಬಹುದು. ಚಿತ್ರಕ್ಕೆ ಆಧಾರವಾದ ನಾಸಿಕಾಳ ಚಿತ್ರಕಥೆಯನ್ನು ಮಿಯಝಾಕಿ 1982ರಲ್ಲಿ ಬರೆಯತೊಡಗಿ, ಸಿನಿಮಾ ಬಂದ ಮೇಲೂ ನಿಲ್ಲಿಸದೆ, 1994ರಲ್ಲಿ ಏಳು ಸಂಪುಟಗಳಲ್ಲಿ ಮುಗಿಸಿದನು. ಆ ಹತ್ತು ವರ್ಷಗಳಲ್ಲಿ ಅವನ ನಿಲವೇ ಬದಲಾಗಿತ್ತು. ಚಿತ್ರದಲ್ಲಿ ಪ್ರಕೃತಿಯ ಕೃಪೆಯೆಂದು ತೋರಿದ ಆ ಕಾಡು ಸಂಪುಟಗಳ ಕೊನೆಗೆ ಹಿಂದಿನ ಮನುಷ್ಯರೇ ಲೆಕ್ಕ ಹಾಕಿ ನೆಟ್ಟದ್ದೆಂದು ತಿಳಿಯುತ್ತದೆ. ಕೆಟ್ಟ ಗಾಳಿಗೆ ಒಗ್ಗಿಕೊಂಡ ಈಗಿನವರು ಪೂರ್ತಿ ಶುದ್ಧವಾದ ಗಾಳಿಯಲ್ಲಿ ಬದುಕಲಾರರೆಂಬುದೂ ತಿಳಿಯುತ್ತದೆ. ಅದನ್ನು ಅರಿತ ನಾಸಿಕಾ ಮಾಡಿಕೊಂಡ ಆಯ್ಕೆ ಸರಿಯೋ ತಪ್ಪೋ ಎಂಬುದು ಆ ಸಂಪುಟಗಳನ್ನು ಓದಿದವರಲ್ಲಿ ಇಂದಿಗೂ ವಾದದ ವಿಷಯ.